ಗೋಡೆಯ ಆಚೆ ಬದನೆ, ಈಚೆ ಹೊಟ್ಟೆಕಿಚ್ಚು

"ನಿಮ್ಮ ಕೈಲೆ ಹಿತ್ತಲ ಆಗೂದಲ್ಲ ಬಾಯಿ. ಮಷಿನ್ ತುಳಿಯೂದು ಬ್ಯಾರೆ, ಮಣ್ಣು ತುಳಿಯೂದು ಬ್ಯಾರೆ," ಎಂದವರು ಪಕ್ಕದ ಮನೆಯವರು; ಅತ್ತಿಗೆಯ ಲೆಕ್ಕದಲ್ಲಿ ನಾನು ಅವರಿಗೆ ವೈನಿ ಎನ್ನುತ್ತೇನೆ. ಹೊಲಿಗೆ ಮಷಿನ್ ತುಳಿದೇ ಬೈಲಹೊಂಗಲದಲ್ಲಿ ಎರಡು ಖೋಲಿಯ ಮನೆ ಕೊಂಡವಳು ನಾನು, ಓಣಿಯವರ ಬಾಯಲ್ಲಿ ಟೇಲರ್ ಬಾಯಿ. ಅದರ ಹಿತ್ತಲಿನ ತುಂಬ ಕಲ್ಲು, ಒಡೆದ ಹಂಚು, ಜಾಲಿ ಮುಳ್ಳು. ಎದೆಮಟ್ಟದ ಗೋಡೆಯಾಚೆ ವೈನಿಯ ಹಿತ್ತಲು. ಅಲ್ಲಿ ಉಗುಳಿದ ಬೀಜವೂ ಹುಟ್ಟುತ್ತಿತ್ತು. ಅವರ ಬದನೆ ಗಿಡ ಕಂಡ ದಿನ ನನಗೆ ರೊಟ್ಟಿ ಸೇರುತ್ತಿರಲಿಲ್ಲ. ವೈನಿಯ ಅದೇ ಬಾಯಿಂದ "ನಿಮ್ಮ ಹಿತ್ತಲ ಚಲೋ ಆಗ್ಯದ" ಅನ್ನಿಸದೆ ಬಿಡುವುದಿಲ್ಲ ಎಂದು ಹಠ ಹಿಡಿದೆ. ಅಂದಿನಿಂದ ಪ್ರತಿ ವರ್ಷ ಶಿವರಾತ್ರಿ ಮುಗಿದು ಗುದ್ದಲಿ ಕೈಗೆ ಬಂದರೆ ಸಾಕು, ಒಂದಿಲ್ಲೊಂದು ನಗೆಪಾಟಲು ತಪ್ಪಿದ್ದಲ್ಲ.

ಗೊಬ್ಬರ

ವೈನಿ ಎರಡು ಬುಟ್ಟಿ ತಿಪ್ಪೆಗೊಬ್ಬರ ತರಿಸಿದರು. ನಾನು ಒಂದು ಟ್ರೇಲರ್ ಹೇಳಿದೆ. ನನ್ನಲ್ಲಿ ಜಂಪರ್ ಹೊಲಿಸುವ ಭಾಬಿಯ ಗಂಡ ಮುನವಳ್ಳಿಯಿಂದ ನಮ್ಮ ಪೇಟೆಗೆ ಟ್ರ್ಯಾಕ್ಟರ್ ಹೊಡೆಯುತ್ತಿದ್ದರು. "ಓಣಿ ಪೂರಾ ನೋಡಬೇಕು, ಹಂಗ ತರಾಕ ಹೇಳ್ರಿ," ಎಂದು ಭಾಬಿಗೆ ರೊಕ್ಕ ಕೊಟ್ಟು, ಆ ದಿನ ಅಸ್ತರಿನ ಬಟ್ಟೆ ತರಲು ಬೆಳಗಾವಿಗೆ ಹೋದೆ. ಭಾಬಿಯ ಗಂಡ ನನ್ನ ಮನೆ ಕಂಡವರಲ್ಲ. "ಹಿತ್ತಲ ಮಾಡೂ ಬಾಯಾರ ಮನಿ ಯಾವದ್ರಿ?" ಎಂದು ಓಣಿಯಲ್ಲಿ ಕೇಳಿದರಂತೆ. ಎಲ್ಲರೂ ಒಂದೇ ಬಾಗಿಲಿಗೆ ಬೆರಳು ಮಾಡಿದರು. ಅದು ನನ್ನ ಬಾಗಿಲಲ್ಲ.

ಸಂಜೆ ವೈನಿ ಗೋಡೆಯ ಮೇಲಿಂದ ಕೇಳಿದರು: "ಯಾರೋ ಪುಣ್ಯಾತ್ಮರು ನಮ್ಮಲ್ಲೆ ಗೊಬ್ಬರ ಸುರುವಿ ಹೋಗ್ಯಾರ. ರೊಕ್ಕಾನೂ ಕೇಳಲಿಲ್ಲ. ನಿಮಗೇನರ ಗೊತ್ತದ ಏನು?"

ನನ್ನದು ಎಂದರೆ ಓಣಿ ಯಾರ ಮನೆ ತೋರಿಸಿತು ಎಂಬುದೂ ಹೊರಬೀಳುತ್ತದೆ. "ನಂಗೇನ್ ಗೊತ್ತಿಲ್ರಿ," ಎಂದೆ.

ಆ ಸಲ ಅವರ ಗಿಡಗಳು ಬದನೆಯ ಭಾರಕ್ಕೆ ನೆಲ ಹಿಡಿದವು. ಒಂದು ಬುಟ್ಟಿ ತುಂಬ ನನಗೂ ತಂದುಕೊಟ್ಟರು. "ಎಣ್ಣಿಗಾಯಿ ಮಾಡ್ಕೊಂಡು ತಿನ್ರಿ ಬಾಯಿ. ಗೊಬ್ಬರ ಹಾಕಿದವರ ಹೊಟ್ಟಿ ತಣ್ಣಗಿರಲಿ."

ಟೇಪು

ಮುಂದಿನ ವರ್ಷ ಪುಸ್ತಕದ ಮೊರೆ ಹೋದೆ. ನಾನು ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಕಟಿಂಗಿಗೆ ತಂದ ರದ್ದಿ ಪೇಪರು ಕತ್ತರಿಸುವ ಮೊದಲು ಕೂಡಿಸಿ ಕೂಡಿಸಿ ಓದಲು ಕಲಿತವಳು. ಹೀಗಾಗಿ ಅಚ್ಚಾದ ಮಾತು ಎಂದರೆ ನನಗೆ ದೇವರ ಮಾತು. ಕೈತೋಟದ ಪುಸ್ತಿಕೆಯಲ್ಲಿ ಸಾಲಿನಿಂದ ಸಾಲಿಗೆ ಎರಡು ಅಡಿ ಎಂದಿತ್ತು. ಕೊರಳಲ್ಲಿದ್ದ ಟೇಪು ತೆಗೆದು ಅಳೆದೆ, ರಂಗೋಲಿಯಿಂದ ಗೆರೆ ಎಳೆದೆ, ಸಸಿ ಒಂದು ಬೆರಳು ಆಚೀಚೆ ಆದರೆ ಕಿತ್ತು ಮತ್ತೆ ನೆಟ್ಟೆ.

ವೈನಿ ಗೋಡೆಗೆ ಮೊಣಕೈ ಊರಿ ಬಹಳ ಹೊತ್ತು ನೋಡಿದರು. ಕೊನೆಗೆ, "ಒಂದೀಟು ಸಡ್ಲ ಹಿಡೀರಿ ಬಾಯಿ. ಬೆಳಿಯೂ ಕೂಸುಗಳು, ಮುಂದ ಬಿಗಿ ಆದಾವು," ಎಂದರು.

ದೃಷ್ಟಿಗೊಂಬೆ

ಒಂದು ವರ್ಷ ವೈನಿ ಗಡಿಗೆಗೆ ಕಣ್ಣು ಮೀಸೆ ಬರೆದು ದೃಷ್ಟಿಗೆಂದು ಕಟ್ಟಿದರು. ಅದರ ಮುಖ ನೇರ ನನ್ನ ಅಡಿಗೆಮನೆಯ ಕಿಟಕಿಗೆ.

"ನನ್ನ ಕಡಿ ಯಾಕ್ರಿ ಮಾರಿ ಮಾಡೀರಿ?"

"ದೃಷ್ಟಿ ಯಾವ ಕಡಿಂದ ಬರ್ತದೋ ಆ ಕಡಿಗೇ ಇಡೂದಲ್ಲೇನು?"

ಮಾತು ಖರೆ ಇತ್ತು. ಅದಕ್ಕೇ ಮೈ ಉರಿಯಿತು. ನಾನೂ ಆಳೆತ್ತರದ ಗೊಂಬೆ ಮಾಡಿದೆ. ಕೌದಿ ಹೊಲಿಯಲು ವೈನಿ ಕೊಟ್ಟ ಹಳೆಯ ಸೀರೆಗಳಲ್ಲಿ ಒಂದು ಹಸಿರು ಸೀರೆ ಉಳಿದಿತ್ತು. ಅದನ್ನೇ ಉಡಿಸಿ, ಸೆರಗು ಹೊದಿಸಿ, ಬೆನ್ನು ಅವರ ಕಡೆ ಮಾಡಿ ನಿಲ್ಲಿಸಿದೆ.

ವೈನಿಯ ಯಜಮಾನರು ನಿವೃತ್ತ ಮಾಸ್ತರರು. ಅವತ್ತು ಅವರ ಚಷ್ಮಾ ರಿಪೇರಿಗೆ ಹೋಗಿತ್ತು. ಗೋಡೆಯ ಹತ್ತಿರ ಬಂದು ಗೊಂಬೆಗೆ, "ಚಹಾ ಇಡೂದು ಬಿಟ್ಟು ಅಲ್ಲೇನು ನಿಂತೀ?" ಎಂದರು. ಉತ್ತರ ಬರಲಿಲ್ಲ. ಅದರಿಂದ ಧೈರ್ಯ ಬಂದಿರಬೇಕು. ದನಿ ಏರಿಸಿ, "ನೋಡಿದ್ಯಾ, ಟೇಲರ್ ಬಾಯಿ ಮೆಣಸಿನ ಸಸಿ ಹೆಂಗ ಬಂದಾವ. ನಿನ್ನವು ಅದರ ಮುಂದ ಏನೂ ಅಲ್ಲ. ಬರೇ ಬಾಯಿ ಜೋರು ನಿಂದು," ಎಂದರು.

ಅವರ ಬೆನ್ನ ಹಿಂದಿನಿಂದ ವೈನಿಯ ದನಿ ಬಂತು: "ಮುಂದ ಹೇಳ್ರಿ. ನಾ ಇಲ್ಲಿದ್ದೀನಿ."

ಮೆಣಸಿನ ಮಡಿ

ಎರಡು ದಿನ ಬಿಟ್ಟು ವೈನಿ ಖಾಲಿ ಬುಟ್ಟಿ ಹಿಡಿದು ಗೋಡೆಗೆ ಬಂದರು. "ಮಾಸ್ತರು ಅಂದದ್ದು ಖರೇ ಅದ ಬಾಯಿ. ನಿಮ್ಮ ಹಿತ್ತಲ ಚಲೋ ಆಗ್ಯದ. ನಾಕು ಮೆಣಸಿನ ಸಸಿ ಕೊಡ್ತೀರೇನು?"

"ಏನಂದ್ರಿ? ಕೇಳಿಸಲಿಲ್ಲ."

ಅವರು ಓಣಿಗೆಲ್ಲ ಕೇಳುವಂತೆ ಮತ್ತೊಮ್ಮೆ ಹೇಳಿದರು. ನಾನು ನಾಲ್ಕು ಸಸಿ ಕಿತ್ತುಕೊಟ್ಟೆ. "ಬೇರು ನೋಡ್ರಿ, ಏನು ಬೇರು," ಎಂದರು. ಇನ್ನಾರು ಕಿತ್ತೆ. "ಇಂಥ ಕೈಗುಣ ನಾ ಸವದತ್ತಿಯೊಳಗೂ ನೋಡಿಲ್ಲ, ರಾಮದುರ್ಗದೊಳಗೂ ನೋಡಿಲ್ಲ." ಒಂದು ಸಾಲು ಹೋಯಿತು. ಅವರು ಹೊಗಳುತ್ತ ಹೋದರು, ನಾನು ಅಗೆಯುತ್ತ ಹೋದೆ. ನನ್ನ ಮೆಣಸಿನ ಮಡಿ ಬರಿದಾಗಿ ಬುಟ್ಟಿ ತುಂಬಿದ ಕೂಡಲೇ ಅವರ ಹೊಗಳಿಕೆಯೂ ನಿಂತಿತು.

ಈಗ ನನ್ನ ಹೆಸರಿನಲ್ಲಿ ಒಂದು ಮನೆ ಇದೆ, ಹಿಂದೆ ಎಂಟು ಮಡಿಯ ಹಿತ್ತಲು ಇದೆ, ಅದು ಚಲೋ ಇದೆ ಎಂದು ವೈನಿ ಎರಡು ಸಲ ಹೇಳಿದ ಮಾತೂ ನನ್ನದೇ. ಅದಕ್ಕೆ ತೆತ್ತದ್ದು ಇಷ್ಟೇ: ಆ ಬೇಸಿಗೆಯೆಲ್ಲ ಒಗ್ಗರಣೆ ಹಾಕುವಾಗ ಗೋಡೆಯಾಚೆ ಕೈ ಚಾಚಿ, "ವೈನಿ, ಎರಡು ಹಸಿಮೆಣಸಿನಕಾಯಿ ಕೊಡ್ರಿ," ಎಂದು ಕೇಳಬೇಕಾಯಿತು.