ಹೂ ಬಿಡಲೊಲ್ಲದ ಕಾಸ್ಮಾಸ್ ಗಿಡಗಳ ಸನ್ನಿಧಾನಕ್ಕೆ

ಹಿಂದೂಪುರ,
ಮಗ್ಗದ ಮನೆಯ ಹಿತ್ತಿಲು

ಮಾನ್ಯರೇ,

ಆಳೆತ್ತರ ಬೆಳೆದು, ನಮ್ಮ ಬಚ್ಚಲುಮನೆಯ ಶೀಟನ್ನು ದಾಟಿ, ಪಕ್ಕದ ಮನೆಯವರ ಅಂಗಳವನ್ನೂ ಇಣುಕಿ ನೋಡುವ ಭಾಗ್ಯ ಪಡೆದಿರುವ ತಮಗೆ ನೇಕಾರ ರಾಮಲಿಂಗಯ್ಯನ ಸಾಷ್ಟಾಂಗ ನಮಸ್ಕಾರಗಳು. ಕಾಗದ ಬರೆಯುವವರು ಮೊದಲು ಕ್ಷೇಮ ವಿಚಾರಿಸುವುದು ವಾಡಿಕೆ. ತಮ್ಮ ಕ್ಷೇಮ ಬೀದಿಯ ಆ ತುದಿಯಿಂದಲೇ ಕಾಣಿಸುತ್ತಿರುವುದರಿಂದ ನೇರವಾಗಿ ನನ್ನ ಕ್ಷೇಮಕ್ಕೆ ಬರುತ್ತೇನೆ. ಅದು ಚೆನ್ನಾಗಿಲ್ಲ, ಮತ್ತು ಅದಕ್ಕೆ ತಾವೇ ಕಾರಣ.

ತಾವು ಮರೆತಿರಬಹುದು, ಆದ್ದರಿಂದ ನೆನಪಿಸುತ್ತೇನೆ. ಕಲ್ಯಾಣದುರ್ಗದಲ್ಲಿ ನನ್ನ ಭಾವಮೈದ ವೇಣುಗೋಪಾಲನ ಮಗಳು ರಶ್ಮಿಯ ನಿಶ್ಚಿತಾರ್ಥಕ್ಕೆ ಹೋಗಿದ್ದಾಗ, ಅವರ ಮನೆಯ ಹಿಂದೆ ತಮ್ಮ ಪೂಜ್ಯ ಪೂರ್ವಿಕರು ಮೈತುಂಬಾ ಹೂ ಬಿಟ್ಟು ನಿಂತಿದ್ದರು. ರಾಣಿ ಬಣ್ಣವೂ ಅಲ್ಲದ, ಗುಲಾಬಿಯೂ ಅಲ್ಲದ, ಎರಡರ ನಡುವಿನ ಆ ಬಣ್ಣವನ್ನು ನೋಡಿ ನನ್ನ ಹೆಂಡತಿ ಗಂಗಾದೇವಿ ಊಟದ ಎಲೆಯನ್ನೂ ಮರೆತು ನಿಂತುಬಿಟ್ಟಳು. ನೇಕಾರನ ಮನೆಯಲ್ಲಿ ಹುಟ್ಟಿ ನೇಕಾರನನ್ನೇ ಕಟ್ಟಿಕೊಂಡ ಅವಳು ಇಷ್ಟು ವರ್ಷ ಉಟ್ಟದ್ದೆಲ್ಲ ಅಂಚು ಸೊಟ್ಟಗಾದದ್ದು, ಎಳೆ ತಪ್ಪಿದ್ದು, ಅಂಗಡಿಯವರು ಬೇಡವೆಂದು ಹಿಂದಕ್ಕೆ ಕಳಿಸಿದ್ದು. ಆ ದಿನ ನನಗೆ ಏನು ಬಂತೋ, ನೆಂಟರೆಲ್ಲರ ಮುಂದೆ ಎದೆ ಉಬ್ಬಿಸಿ, “ಇದೇ ಬಣ್ಣದಾಗೆ ಇವ್ಳಿಗೊಂದು ಸೀರೆ ನೇಯ್ತೀನಿ, ರಶ್ಮಿ ಮದುವೇಗೆ ಅದನ್ನೇ ಉಟ್ಕಂಡ್ ಬತ್ತಾಳೆ, ನೋಡ್ತಿರ್ರಿ” ಎಂದುಬಿಟ್ಟೆ. ಗಂಗಾದೇವಿ ಮುಖ ತಗ್ಗಿಸಿ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನೋಡಿ ಬಹಳ ಕಾಲವಾಗಿತ್ತು, ಮಾನ್ಯರೇ.

ರೇಷ್ಮೆ ನೂಲಿಗೆ ಬಣ್ಣ ಹಾಕುವ ವೆಂಕಟೇಶಪ್ಪನಿಗೆ ಫೋನಿನಲ್ಲಿ ತೆಗೆದ ಚಿತ್ರ ತೋರಿಸಿದೆ. ನನ್ನ ಫೋನಿನಲ್ಲಿ ಒಂದು ಬಣ್ಣ, ಅವನ ಫೋನಿನಲ್ಲಿ ಇನ್ನೊಂದು. “ಫೋನ್ ನಂಬಿ ಬಣ್ಣ ಕಟ್ಟಿದ್ರೆ ನಾನೂ ಕೆಡ್ತೀನಿ, ನೀನೂ ಕೆಡ್ತೀಯ ಕಣಣ್ಣ. ಹೂವೇ ತಗಂಡ್ ಬಾ” ಎಂದು ಕೈ ಮುಗಿದ. ಅಷ್ಟರಲ್ಲಿ ಕಲ್ಯಾಣದುರ್ಗದ ಗಿಡಗಳು ಒಣಗಿ, ಬರೀ ಬೀಜ ಉಳಿದಿತ್ತು. ವೇಣುಗೋಪಾಲನ ಹೆಂಡತಿ ಪ್ರಮೀಳಾ ಅದನ್ನೇ ಒಂದು ಕಾಗದದಲ್ಲಿ ಕಟ್ಟಿ ಬಸ್ಸಿನಲ್ಲಿ ಬರುವವರ ಕೈಲಿ ಕಳಿಸಿದಳು. ಹಾಗೆ ತಾವು ನಮ್ಮ ಮನೆಗೆ ದಯಮಾಡಿಸಿದಿರಿ.

ಬಂದ ನೆಂಟರನ್ನು ಬರಿಹೊಟ್ಟೆಯಲ್ಲಿ ಕೂರಿಸುವ ಮನೆತನ ನಮ್ಮದಲ್ಲ. ಕಡಲೆಕಾಯಿ ಬೆಳೆಯುವ ಈ ಸೀಮೆಯಲ್ಲಿ ಹಿಂಡಿಗೆ ಬರವೇ? ಗಾಣದಿಂದ ಘಮಘಮ ಎನ್ನುವ ಹೊಸ ಹಿಂಡಿ ತಂದು, ನೆನೆಸಿ, ಕಲಸಿ, ತಮ್ಮ ಬುಡಕ್ಕೆ ಸುರಿದೆ. ಎಮ್ಮೆ ಗೊಬ್ಬರ ಹಾಕಿದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರೂ ಕುಡಿಸಿದೆ. ತಾವು ಉಂಡಿರಿ, ತೇಗಿದಿರಿ, ಬೆಳೆದಿರಿ. ಗಾಳಿಗೆ ಸೊಂಟ ಬಳುಕಿ ಬೀಳತೊಡಗಿದಾಗ, ನಮ್ಮ ತಂದೆಯವರು ಹತ್ತಿ ಸೀರೆ ನೇಯುತ್ತಿದ್ದ ಕಾಲದಲ್ಲಿ ನೂಲು ಗಟ್ಟಿಯಾಗಲೆಂದು ಗಂಜಿ ಹಚ್ಚುತ್ತಿದ್ದುದು ನೆನಪಾಗಿ, ತಮ್ಮ ಕಾಂಡಗಳಿಗೂ ಬಿಸಿ ಆರಿದ ಅನ್ನದ ಗಂಜಿಯನ್ನು ಕುಂಚದಿಂದ ಹಚ್ಚಿದೆ. ನೂಲಿಗೆ ಆಗುವುದು ನೂಲಿನಂಥ ಎಲೆಯವರಿಗೂ ಆಗಬೇಕಲ್ಲವೇ? ತಾವು ನೆಟ್ಟಗಾಗಲಿಲ್ಲ, ಊರಿನ ಇರುವೆಗಳೆಲ್ಲ ನೆಟ್ಟಗೆ ನಮ್ಮ ಹಿತ್ತಿಲಿಗೆ ಬಂದವು. ಕೊನೆಗೆ ಉಳಿದ ರೇಷ್ಮೆ ಎಳೆಗಳಿಂದಲೇ ತಮ್ಮನ್ನು ಕೋಲಿಗೆ ಕಟ್ಟಿದ್ದೇನೆ. ತಪ್ಪಿಲ್ಲದ ರೇಷ್ಮೆ ಉಡುವ ಯೋಗ ನನ್ನ ಹೆಂಡತಿಗಿಂತ ಮೊದಲು ತಮಗೇ ಬಂತು.

ಪಕ್ಕದ ಮನೆಯ ಓಬಳಪ್ಪ ಗೋಡೆಯ ಮೇಲಿಂದ ನೋಡಿ, “ಏಂ ರಾಮಲಿಂಗಯ್ಯ, ಜೊನ್ನ ಏಸಿನಾವಾ?” ಎಂದು ತೆಲುಗಿನಲ್ಲಿ ವಿಚಾರಿಸಿದ. ಜೋಳ ಬಿತ್ತಿದ್ದೇನೆಂದೇ ಅವನ ನಂಬಿಕೆ. ಜೋಳವಾಗಿದ್ದರೆ ಇಷ್ಟರಲ್ಲಿ ತೆನೆಯಾದರೂ ಬರುತ್ತಿತ್ತು ಎಂದು ನಾನು ಹೇಳಲಿಲ್ಲ; ತಮ್ಮ ಮನಸ್ಸು ನೋಯಬಾರದಲ್ಲ.

ತಾಳಲಾರದೆ ಪ್ರಮೀಳಾಗೆ ಫೋನ್ ಮಾಡಿದೆ. ನಾನು ಮಾಡಿದ ಉಪಚಾರವನ್ನೆಲ್ಲ ಕೇಳಿ ಅವಳು ಎಷ್ಟು ಹೊತ್ತು ನಕ್ಕಳೆಂದರೆ ನಾನು ಫೋನನ್ನು ಕಿವಿಯಿಂದ ದೂರ ಹಿಡಿದೆ. “ಅಯ್ಯೋ ಅಣ್ಣ, ಹಿಂಡಿ ಹಾಕಿದ್ರೆ ಎಮ್ಮೆ ಹಾಲು ಕೊಡ್ತೈತೆ, ಇದು ಸೊಪ್ಪು ಕೊಡ್ತೈತೆ ಅಷ್ಟೇ. ನಾವು ಬಚ್ಚಲ ಹಿಂದೆ ಕಲ್ಲಾಗೆ ಎಸ್ದು ಮರ್ತೇ ಬುಟ್ಟಿದ್ವಿ. ಏನೂ ಹಾಕ್ಬ್ಯಾಡಿ, ನೀರೂ ಕಮ್ಮಿ ಮಾಡಿ. ಹಸಿವಾದ್ರೆ ತಾನೇ ಹೂ ಬಿಡ್ತೈತೆ” ಎಂದಳು. ಹೊಟ್ಟೆ ತುಂಬಿದವನಿಗೆ ಹುಗ್ಗಿ ಮುಳ್ಳು ಎಂಬ ಗಾದೆ ಗಿಡಗಳಿಗೂ ಸಲ್ಲುತ್ತದೆಂದು ಯಾರು ಕಂಡಿದ್ದರು?

ಇದನ್ನು ಗಂಗಾದೇವಿ ಕೇಳಿಸಿಕೊಂಡದ್ದೇ ನನ್ನ ಗ್ರಹಚಾರ. ಸೊಂಟಕ್ಕೆ ಕೈ ಕೊಟ್ಟು ಬಾಗಿಲಲ್ಲಿ ನಿಂತಳು. “ಹೂ ಬಿಟ್ಟ್ ಮ್ಯಾಲೆ ನೇಯ್ತೀನಿ ಅಂದ್ರಿ. ಹೂ ಬಿಡದಂಗೆ ನೀವೇ ಹಿಂಡಿ ಹಾಕ್ತಾ ಬಂದ್ರಿ. ಇರ್ಲಿ ಬುಡಿ, ತಪ್ಪು ಬಿದ್ದಿರೋ ಸೀರೆ ಒಂದು ಪೆಟ್ಟಿಗೇಲಿ ಐತೆ, ಅದನ್ನೇ ಉಟ್ಕಂಡು ಹೋಯ್ತೀನಿ” ಎಂದು ಒಳಗೆ ಹೋದಳು. ಜಗಳವಾಡಿದ್ದರೆ ಚೆನ್ನಾಗಿತ್ತು. ಈಗ ಅನ್ನ ಬಡಿಸುತ್ತಾಳೆ, ಮಾತು ಬಡಿಸುವುದಿಲ್ಲ. ನಾನು ತಮ್ಮೊಂದಿಗೆ ಸೇರಿ ಪಿತೂರಿ ಮಾಡಿದೆನೆಂದು ಅವಳು ನಂಬಿದ್ದಾಳೆ, ಅದರಿಂದ ನನಗೆ ತುಂಬಾ ನೋವಾಗಿದೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳು. ಹಿಂಡಿಯನ್ನು ನಿಲ್ಲಿಸಿದ್ದೇನೆ, ತಾವು ದಯವಿಟ್ಟು ಈಗಾಗಲೇ ಉಂಡದ್ದನ್ನೂ ಮರೆತು, ಮೂರು ತಲೆಮಾರಿನಿಂದ ಉಪವಾಸವಿದ್ದವರಂತೆ ನಟಿಸಬೇಕು. ಪೂರಾ ಹೂವು ಕಷ್ಟವೆನಿಸಿದರೆ ಒಂದೇ ಒಂದು ಎಸಳನ್ನು ಮುಂಗಡವಾಗಿ ದಯಪಾಲಿಸಬೇಕು. ಅದೂ ಆಗದಿದ್ದರೆ ತಾವು ಬೇರುಸಮೇತ ಅಡುಗೆಮನೆಯ ತನಕ ನಡೆದು ಬಂದು, ಈ ರಾಮಲಿಂಗಯ್ಯ ದಡ್ಡನೇ ಹೊರತು ಮೋಸಗಾರನಲ್ಲ ಎಂದು ನನ್ನ ಹೆಂಡತಿಯ ಮುಂದೆ ಸಾಕ್ಷಿ ನುಡಿಯಬೇಕು. ಇವುಗಳಲ್ಲಿ ಯಾವುದಕ್ಕೂ ಒಪ್ಪದಿದ್ದರೆ, ಓಬಳಪ್ಪನ ಮೇಕೆಗಳಿಗೆ ತಮ್ಮನ್ನು ಪರಿಚಯಿಸುವ ಅನಿವಾರ್ಯತೆ ಬಂದೀತು. ಅವಕ್ಕೆ ಹೂವಿನ ಮೇಲೆ ಅಂಥ ಮೋಹವೇನಿಲ್ಲ.

ಈ ಪತ್ರವನ್ನು ದಾರಿಹೋಕರೂ ಓದಲೆಂದು ಕಾಂಪೌಂಡಿಗೆ ಅಂಟಿಸುತ್ತಿದ್ದೇನೆ. ನಾಲ್ಕು ಜನರ ಬಾಯಿಗಾದರೂ ತಾವು ಹೆದರಬಹುದೆಂಬ ಆಸೆ.

ಇಷ್ಟೆಲ್ಲ ಆದಮೇಲೂ ಬೇರೆ ದಾರಿಯಿಲ್ಲದೆ
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ರಾಮಲಿಂಗಯ್ಯ

ತಾ.ಕ.: ಅಂಟು ಒಣಗಿ ಕೆಲವು ದಿನಗಳಾದ ಮೇಲೆ ತಾವು ತುದಿಯಲ್ಲಿ ಒಂದು ಹೂ ಬಿಟ್ಟಿದ್ದೀರಿ. ಬಹಳ ಉಪಕಾರವಾಯಿತು. ಆದರೆ ಅದು ಬಿಳಿ. ಹಾಲಿನಂಥ ಬಿಳಿ, ನಡುವೆ ಅರಿಶಿನ. ಇಷ್ಟು ಹಿಂಡಿ ತಿಂದು ತಮಗೆ ಹೊಳೆದದ್ದು ಇದೇನಾ ಎಂದು ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಗಂಗಾದೇವಿ ಬಂದಳು, ಕೊಂಬೆ ಬಗ್ಗಿಸಿ ನೋಡಿದಳು. “ಒಳ್ಳೇದೇ ಆಯ್ತು. ಬಿಳೀಗೆ ಬಣ್ಣ ಕಟ್ಟೋ ಕೆಲ್ಸಿಲ್ಲ, ನಿಮ್ಗೆ ನೆಪಾನೂ ಇಲ್ಲ. ನಮ್ಮ ಮದುವೇಲಿ ಅರಿಶಿನದ ಅಂಚಿನ ಬಿಳೀ ಮಧುಪರ್ಕದ ಸೀರೆ ಉಟ್ಟಿರ್ಲಿಲ್ವಾ, ಅಂಗೇ ನೇಯಿರಿ. ಏಳಿ, ಮಗ್ಗದ ಗುಂಡಿಗಿಳೀರಿ” ಎಂದಳು. ಗುಂಡಿಗಿಳಿದು ನೇಯತೊಡಗಿದ್ದೇನೆ; ತಮ್ಮ ಪಿತೂರಿ ನನ್ನೊಂದಿಗಲ್ಲ, ಅವಳೊಂದಿಗೇ ಇತ್ತೆಂದು ಈಗ ತಿಳಿಯಿತು. ನಿನ್ನೆ ಅಂಗಡಿಯವರು ಬಂದು, ಮಗ್ಗದ ಮೇಲಿದ್ದದ್ದನ್ನು ಬೆರಳಲ್ಲಿ ಮುಟ್ಟಿ, ಒಂದು ತಪ್ಪೂ ಇಲ್ಲವಲ್ಲ, ಇದನ್ನು ನಮಗೇ ಕೊಡಿ ಎಂದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ದನಿ ಬಂತು: “ಅದು ಮಾರೋದಲ್ಲ ಕಣಪ್ಪ, ಅದು ನಂದು.”