ಇಲಿಗೆ ಚಿಂತೆ ಹಚ್ಚುವ ಕೆಲಸ

ಇಲಿಗಳ ಜೊತೆ ಕೆಲಸ ಮಾಡುವವರ ಮರ್ಯಾದೆ ವಾರಕ್ಕೊಮ್ಮೆಯಾದರೂ ಹೋಗುತ್ತದೆ. ನನ್ನದು ಇನ್ನೂ ಸ್ವಲ್ಪ ಉಳಿದಿದೆ ಅನ್ನುವುದೇ ಆಶ್ಚರ್ಯ.

ನಾನು ರಾಣೆಬೆನ್ನೂರಿನ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ಜೊತೆಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಷಯ ಇಷ್ಟೇ: ದಿನಾ ಚಿಂತೆಯಲ್ಲಿರುವ ಜೀವದ ಸ್ನಾಯು ಸೊರಗುತ್ತದೆಯೇ? ಮನುಷ್ಯರಿಗೆ ಬೇಕೆಂದೇ ಚಿಂತೆ ಹಚ್ಚಿ ನೋಡಲು ಬರುವುದಿಲ್ಲವಲ್ಲ, ಅದಕ್ಕೆ ಬಿಳಿ ಇಲಿಗಳು. ಒಂದು ಗುಂಪಿಗೆ ಕಿರಿಕಿರಿ, ಇನ್ನೊಂದಕ್ಕೆ ಆರಾಮ. ಕೊನೆಗೆ ಎರಡರದೂ ಹಿಡಿತ ಅಳೆಯುವುದು. ಇಲಿ ಯಂತ್ರಕ್ಕೆ ಸಿಕ್ಕಿಸಿದ ಒಂದು ತಂತಿ ಜಾಳಿಯನ್ನು ಹಿಡಿದುಕೊಳ್ಳುತ್ತದೆ, ನಾವು ಅದರ ಬಾಲ ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆಯುತ್ತೇವೆ, ಎಷ್ಟು ಬಿಗಿಯಾಗಿ ಹಿಡಿದಿತ್ತೆಂದು ಯಂತ್ರ ತೋರಿಸುತ್ತದೆ. ಕಿರಿಕಿರಿ ಗುಂಪಿನ ಹಿಡಿತ ಸಡಿಲಾಗಿದ್ದರೆ ನನ್ನ ಪ್ರಬಂಧ ಮುಗಿದಂತೆ. ಆಗಿರದಿದ್ದರೆ ಎಲ್ಲವೂ ಮೊದಲಿನಿಂದ. ಈ ದಸರೆಗೆ ಮುಗಿಸುತ್ತೇನೆ ಎಂದು ಮನೆಯಲ್ಲಿ ಮಾತು ಕೊಟ್ಟಿದ್ದೆ. ಹೋದ ದಸರೆಗೂ ಕೊಟ್ಟಿದ್ದೆ.

ಬಸ್ಸಿನಲ್ಲಿ

ನಮ್ಮ ಮನೆ ಹಾವೇರಿಯಲ್ಲಿ, ಕಾಲೇಜಿಗೆ ದಿನಾ ಬಸ್ಸು. ಒಂದು ದಿನ ದೇವರಗುಡ್ಡಕ್ಕೆ ಹೊರಟ ಅಜ್ಜಿಯೊಬ್ಬಳು ಪಕ್ಕದಲ್ಲಿ ಕೂತಳು. ಯಾವೂರು, ಯಾರ ಮನೆ, ಮಕ್ಕಳೆಷ್ಟು ಎಲ್ಲ ಮುಗಿದ ಮೇಲೆ ಏನು ಕೆಲಸ ಎಂದು ಕೇಳಿದಳು. ಸುಮ್ಮನೆ ಟೀಚರು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಾನು ಸಂಶೋಧಕಿ, ಅದನ್ನು ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ಇಲಿಗಳು ಮಲಗುವ ಹೊಟ್ಟನ್ನು ಒದ್ದೆ ಮಾಡುವುದು, ಪಂಜರವನ್ನು ಓರೆಯಾಗಿ ಇಡುವುದು, ನಿದ್ದೆಯ ಹೊತ್ತಿಗೆ ಸದ್ದು ಮಾಡುವುದು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದೆ. ಅಜ್ಜಿ ಎಲೆ ಅಡಿಕೆ ಜಗಿಯುತ್ತ ಪೂರ್ತಿ ಕೇಳಿಸಿಕೊಂಡಳು.

"ಚಿಂತಿ ಹಚ್ಚಾಕ ಇಷ್ಟು ಓದಬೇಕೇನವ್ವಾ? ನಮ್ಮ ಮನ್ಯಾಗ ಸಾಲಿ ಮಾರಿ ನೋಡಲಾರದವ್ರು ಚಲೋತ್ನಾಗ ಹಚ್ಚತಾರ."

ಮಾಮಾ ತಂದ ಬೋನು

ನನ್ನ ತವರು ಬ್ಯಾಡಗಿ. ಸೋದರಮಾವನಿಗೆ ಮೆಣಸಿನಕಾಯಿ ವ್ಯಾಪಾರ. ಇಲಿಗಳನ್ನು ದೂರದ ಊರಿಂದ ತರಿಸುತ್ತೇವೆ ಅಂದಾಗ ಅವನಿಗೆ ಅವಮಾನವೇ ಆಯಿತು. ತನ್ನ ಗೋದಾಮಿನಲ್ಲಿ ಬೇಕಾದಷ್ಟು ಇರುವಾಗ ಸೊಸೆ ಪರರ ಇಲಿಗೆ ಕೈ ಚಾಚುವುದೆಂದರೇನು? ಒಂದು ಬೆಳಿಗ್ಗೆ ನಾನು ಪಾಠ ಮಾಡುತ್ತಿದ್ದಾಗ ಮೆಣಸಿನಕಾಯಿ ಚೀಲ ಹೊದಿಸಿದ ಬೋನನ್ನು ಹಿಡಿದು ತರಗತಿಯ ಬಾಗಿಲಿಗೇ ಬಂದ. ಮುಂದಿನ ಬೆಂಚಿನವರು ಸೀನಲು ಶುರು ಮಾಡಿದರು. ಆಮೇಲೆ ಹಿಂದಿನ ಬೆಂಚು. ಆಮೇಲೆ ನಾನು.

ಸೀನುಗಳ ನಡುವೆಯೇ ಅವನಿಗೆ ತಿಳಿಸಿ ಹೇಳಿದೆ: ಸಿಕ್ಕ ಇಲಿ ಸಂಶೋಧನೆಗೆ ಬರುವುದಿಲ್ಲ ಮಾಮಾ, ಅದರ ವಯಸ್ಸು ಗೊತ್ತಿರಬೇಕು, ತಾಯಿ ತಂದೆ ಗೊತ್ತಿರಬೇಕು, ಮನೆತನದಲ್ಲಿ ರೋಗ ಇರಬಾರದು. ಮಾಮಾ ಬೋನನ್ನು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದ.

"ನಿನಗ ವರಾ ನೋಡುವಾಗ ನಾವು ಇಷ್ಟು ಕೇಳಿದ್ದಿಲ್ಲಲ್ಲವಾ" ಅಂದ.

ಅವತ್ತು ಪಾಠ ಮುಂದೆ ಹೋಗಲಿಲ್ಲ.

ಹೊಸ ಕಿರಿಕಿರಿ

ಈ ಕೆಲಸದಲ್ಲಿ ಒಂದು ತೊಡಕಿದೆ. ದಿನಾ ಒಂದೇ ಕಿರಿಕಿರಿ ಕೊಟ್ಟರೆ ಇಲಿ ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಇವತ್ತಿನದು ನಾಳೆ ಇರಬಾರದು. ಹಾಗಂತ ಮನಸ್ಸಿಗೆ ಬಂದದ್ದು ಮಾಡುವಂತಿಲ್ಲ. ಪ್ರಾಣಿಗಳಿಗೆ ಹಿಂಸೆಯಾಗದಂತೆ ನೋಡುವ ಒಂದು ಸಮಿತಿ ಇದೆ, ಅದು ಒಪ್ಪಿದ್ದನ್ನಷ್ಟೇ ಮಾಡಬೇಕು. ಕೆಲವೇ ವಾರಗಳಲ್ಲಿ ನನ್ನ ತಲೆ ಬರಿದಾಯಿತು. ಜನ್ಮದಲ್ಲಿ ಒಬ್ಬರಿಗೂ ಸರಿಯಾಗಿ ತೊಂದರೆ ಕೊಡಲು ಬಾರದವಳು ಈ ವಿಷಯವನ್ನೇ ಯಾಕೆ ಆರಿಸಿಕೊಂಡೆನೋ. ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟು ಕೇಳಿದೆ, ಯಾರಾದರೂ ಹೊಸದೊಂದು ಹೇಳಿ ಎಂದು. ರಸಾಯನಶಾಸ್ತ್ರದ ಮೇಡಂ ತಲೆ ಕೂಡ ಎತ್ತಲಿಲ್ಲ.

"ಪಂಜರಾ ಒಯ್ದು ಸೋಮವಾರದ ಸ್ಟಾಫ್ ಮೀಟಿಂಗಿನ್ಯಾಗ ಇಡ್ರಿ. ಮತ್ತೇನೂ ಬ್ಯಾಡ."

ಅಷ್ಟು ಹಿಂಸೆಗೆ ಸಮಿತಿ ಒಪ್ಪಲಿಕ್ಕಿಲ್ಲ ಎಂದು ನಾನು ಗಂಭೀರವಾಗಿಯೇ ಹೇಳಿದೆ. ಎಲ್ಲರೂ ಯಾಕೆ ಒಮ್ಮೆಲೇ ಸುಮ್ಮನಾದರೆಂದು ತಿರುಗಿ ನೋಡಿದರೆ, ಬಾಗಿಲಲ್ಲಿ ಪ್ರಿನ್ಸಿಪಾಲರು ನಿಂತಿದ್ದರು.

ರಂಜಕದ ಡಬ್ಬಿ

ಬೆಳಿಗ್ಗೆ ಬಸ್ಸು, ಹಗಲು ಪಾಠ, ಸಂಜೆ ಇಲಿ, ಮನೆಗೆ ಬಂದರೆ ರೊಟ್ಟಿ. ಸೀರೆಯ ಕುಪ್ಪಸಗಳೆಲ್ಲ ಸಡಿಲಾಗಿದ್ದವು. ಒಂದು ದಿನ ಊಟದ ಹೊತ್ತಿಗೆ ಪಕ್ಕದ ಮನೆಯಾಕೆ ಬಂದು ಕೂತಿದ್ದಳು. ರೊಟ್ಟಿಗೆ ಹಚ್ಚಿಕೊಳ್ಳಲು ಕೆಂಪು ಮೆಣಸಿನಕಾಯಿಯ ರಂಜಕ ಬೇಕಿತ್ತು. ಡಬ್ಬಿಯ ಮುಚ್ಚಳ ತಿರುಗಿಸಿದೆ, ಬರಲಿಲ್ಲ. ಸೆರಗು ಸುತ್ತಿ ತಿರುಗಿಸಿದೆ. ತೊಡೆ ನಡುವೆ ಇಟ್ಟುಕೊಂಡು ತಿರುಗಿಸಿದೆ. ಅತ್ತೆ ಒಂದು ಕೈಯಲ್ಲಿ ಮೊಮ್ಮಗನನ್ನು ಎತ್ತಿಕೊಂಡು ಇನ್ನೊಂದು ಕೈಯಲ್ಲೇ ಮುಚ್ಚಳ ತೆಗೆದು, ಪಕ್ಕದ ಮನೆಯಾಕೆಗೆ ಅಭಿಮಾನದಿಂದಲೇ ಹೇಳಿದರು:

"ನಮ್ಮ ಸೊಸಿ ಕಾಲೇಜಿನ್ಯಾಗ ಶಕ್ತಿ ಅಳೆಯೋ ಕೆಲಸ ಮಾಡತಾಳ. ಮುಚ್ಚಳ ತಗಿಯೂದು ನಾನ."

ಫಲಿತಾಂಶ

ಕೊನೆಗೂ ಆ ದಿನ ಬಂತು. ನನ್ನ ಮಾರ್ಗದರ್ಶಕರು, ನಿವೃತ್ತಿಯ ಹತ್ತಿರವಿದ್ದ ಪ್ರಾಧ್ಯಾಪಕರು, ಖುದ್ದಾಗಿ ನೋಡಲು ಬಂದರು. ಮೊದಲು ಆರಾಮ ಗುಂಪು. ಒಂದೊಂದೂ ಬೀಗರ ಊಟ ಮುಗಿಸಿದವರ ಹಾಗೆ ಕೂತಿತ್ತು. ಜಾಳಿಯನ್ನು ಮುಟ್ಟಿದ ಶಾಸ್ತ್ರ ಮಾಡಿ ಬಿಟ್ಟುಬಿಟ್ಟವು. ಇರಲಿ, ಕಿರಿಕಿರಿ ಗುಂಪು ಇದಕ್ಕಿಂತ ಕಡೆಯಾಗಿರುತ್ತದೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ಕಿರಿಕಿರಿ ಗುಂಪಿನ ಮೊದಲ ಇಲಿ ಜಾಳಿ ಹಿಡಿಯಿತು. ಎಳೆದೆ. ಬಿಡಲಿಲ್ಲ. ಮತ್ತೆ ಎಳೆದೆ. ಇಲಿಯ ಬದಲು ಯಂತ್ರವೇ ಮೇಜಿನ ಮೇಲೆ ನನ್ನ ಕಡೆ ಜರುಗಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಸರ್ ಪಂಜರಗಳಿದ್ದ ಕಡೆ ಹೋಗಿ ಬಗ್ಗಿ ನೋಡಿ ನನ್ನನ್ನು ಕರೆದರು.

ಪಂಜರ ಓರೆಯಾಗಿ ನಿಲ್ಲಲು ನಾನು ವೆಲ್ಡಿಂಗ್ ಅಂಗಡಿಯಲ್ಲಿ ಸ್ಟ್ಯಾಂಡು ಮಾಡಿಸಿದ್ದೆ. ಇಷ್ಟು ಓರೆ ಸಾಕೇನ್ರಿ ಎಂದು ಅಂಗಡಿಯವನು ಕೇಳಿದಾಗ, ಇನ್ನೂ ಮಾಡಿ, ಇನ್ನೂ ಮಾಡಿ ಅಂದವಳೂ ನಾನೇ. ಹೊಸ ಕಿರಿಕಿರಿ ಹೊಳೆಯದ ದಿನವೆಲ್ಲ ಪಂಜರಗಳನ್ನು ಅದರ ಮೇಲಿಟ್ಟು ಮನೆಗೆ ಹೋಗುತ್ತಿದ್ದೆ. ಆ ಇಳಿಜಾರಿನಲ್ಲಿ ಕೂರಲಾಗದೆ ಇಲಿಗಳು ಮೇಲಿನ ಸರಳು ಹಿಡಿದು ಜೋತಾಡುತ್ತಿದ್ದವು. ಇಷ್ಟು ತಿಂಗಳು ನಾನು ಕೊಟ್ಟದ್ದು ಚಿಂತೆಯಲ್ಲ, ಕಸರತ್ತು. ಪಂಜರವಲ್ಲ, ಗರಡಿಮನೆ ನಡೆಸಿದ್ದೆ.

ಸರ್ ಬೈಯಲಿಲ್ಲ. ಹೊಸ ಇಲಿ ತರಿಸಿ, ಓರೆ ಕಡಿಮೆ ಮಾಡಿ, ಮೊದಲಿನಿಂದ ಶುರು ಮಾಡಿ ಅಂದರು. ನನಗೆ ಖರೇನೇ ಅಳು ಬಂತು. ಈ ದಸರೆಯೂ ಹೋಯಿತು. ಅಳುವನ್ನು ಅವರಿಗೆ ತೋರಿಸಬಾರದೆಂದು ಆ ಕಡೆ ತಿರುಗಿ, ಕುಡಿಯಲು ನೀರು ಕೊಡುತ್ತೇನೆ ಸರ್ ಅಂತ ಹೊಸ ಬಾಟಲಿ ಕೈಗೆತ್ತಿಕೊಂಡೆ. ಮುಚ್ಚಳ ತಿರುಗಿಸಿದೆ. ಬರಲಿಲ್ಲ. ಸೆರಗು ಸುತ್ತಿದೆ. ಹಲ್ಲು ಕಚ್ಚಿದೆ. ಹಿಂದೆ ಪಂಜರದಲ್ಲಿ ಒಂದು ಇಲಿ ಒಂದೇ ಕೈಯಲ್ಲಿ ಜೋತಾಡುತ್ತ ನನ್ನನ್ನೇ ನೋಡುತ್ತಿತ್ತು.

ಸರ್ ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಎರಡು ಬೆರಳಲ್ಲಿ ಮುಚ್ಚಳ ತೆಗೆದು, ನೀರು ಕುಡಿದು, ಬಾಯಿ ಒರೆಸಿಕೊಂಡು ನನ್ನ ಕೈಗಳನ್ನೇ ಸ್ವಲ್ಪ ಹೊತ್ತು ನೋಡಿದರು.

"ನಿಮ್ಮ ಸಿದ್ಧಾಂತ ಖರೇನ ಐತ್ರಿ ಮೇಡಂ. ಪ್ರಾಣಿ ಆರಿಸೋದ್ರಾಗ ಅಷ್ಟ ತಪ್ಪೀರಿ."