ಕಣ್ಣು ಬಿಟ್ಟ ಫೋಟೋ

ಬಿಂದುಮಾಧವರಾಯರು ಆವತ್ತು ಕೆಟ್ಟದ್ದು 'ತೆಗೀಬೇಕಿತ್ತು' ಎಂಬ ಒಂದೇ ಒಂದು ಮಾತಿನಿಂದ. ಅಲ್ಲಿಯವರೆಗೆ ಅವರು ಬೇರೆ ಯಾವ ಪಾಪವನ್ನೂ ಮಾಡಿರಲಿಲ್ಲ. ಮಾಡಿದ್ದು ಆಮೇಲೆ.

ಜಯಲಕ್ಷ್ಮಿಪುರಂನ ಈ ಚರಿತ್ರೆ ಮೇಷ್ಟ್ರಿಗೆ ಹಳ್ಳಿಗಳ ಹಳೇ ಫೋಟೋ ಎಂದರೆ ಹುಚ್ಚು. ಕನ್ನಡ ನಾಡು ಒಂದಾಗಿ ಹೊಸ ರಾಜ್ಯವಾದ ಸಂಭ್ರಮಕ್ಕೆ ಮಾರನೆಯ ದಿನ ಕಾಲೇಜಿನಲ್ಲಿ ಅಂಥವುಗಳದೇ ಪ್ರದರ್ಶನ. ಮಂಡಕಳ್ಳಿಯ ನಿಂಗಯ್ಯನ ಮನೆಯಲ್ಲಿ ಐವತ್ತು ವರ್ಷದ ಹಿಂದಿನದೊಂದು ಇದೆಯಂತೆ, ಕೆರೆ ಏರಿ ಕಟ್ಟಿದಾಗ ಯಾರೋ ಬಿಳಿ ಇಂಜಿನಿಯರ್ ತೆಗೆದದ್ದಂತೆ, ಅಷ್ಟು ಗಂಡಸರ ನಟ್ಟನಡುವೆ ಒಬ್ಬಳೇ ಒಬ್ಬ ಪುಟ್ಟ ಹುಡುಗಿಯಂತೆ! ಯಾರವಳು? ಅಲ್ಲಿಗೆ ಯಾಕೆ ಬಂದಳು? ರಾಯರಿಗೆ ಊಟ ರುಚಿಸಿರಲಿಲ್ಲ. ಕಣ್ಣಾರೆ ನೋಡುವ ಮೊದಲೇ "ತಂದೇ ತರ್ತೀನಿ ಸಾರ್" ಎಂದು ಪ್ರಿನ್ಸಿಪಾಲರ ಮುಂದೆ ಕೊಚ್ಚಿಕೊಂಡಿದ್ದರು. "ತನ್ನಿ. ತರದಿದ್ರೆ ನಿಮ್ಮ ಕೆಲಸ ಕಾಯಂ ಮಾಡೋ ವಿಚಾರ ಮುಂದಿನ ವರ್ಷ ನೋಡೋಣ" ಎಂದು ಅವರೂ ನಗುನಗುತ್ತಲೇ ಹೇಳಿದ್ದರು.

ಫೋಟೋದ ಗಾಜು ಒಡೆಯದಿರಲಿ ಎಂದು ರಾಯರು ಹೆಂಡತಿ ನಾಗಮಣಿಯ ಹುಣಿಸೆಹಣ್ಣಿನ ಪೆಟ್ಟಿಗೆ ಖಾಲಿ ಮಾಡಿ, ಕರೀ ಬಟ್ಟೆ ಹೊದಿಸಿ, ಸೈಕಲ್ಲಿಗೆ ಬಿಗಿದುಕೊಂಡು ಮಂಡಕಳ್ಳಿಗೆ ಹೊರಟರು.

ಜಗಲಿಯಲ್ಲಿ ನಿಂಗಯ್ಯನೂ ಅವನ ತಾಯಿ ಪುಟ್ಟತಾಯಮ್ಮನೂ ಕೂತಿದ್ದರು.

"ನಮಸ್ಕಾರ. ನಾನು ಕಾಲೇಜ್ ಮೇಷ್ಟ್ರು. ಫೋಟೋ ತೆಗೀಬೇಕಿತ್ತು" ಎಂದರು ರಾಯರು. ನಿಮ್ಮ ಗೋಡೆಯ ಮೊಳೆಯಿಂದ ಎಂಬುದು ಅವರ ಮನಸ್ಸಿನಲ್ಲೇ ಉಳಿಯಿತು.

ನಿಂಗಯ್ಯ ಕರೀ ಬಟ್ಟೆಯ ಪೆಟ್ಟಿಗೆ ನೋಡಿದ. ನೋಡಿದವನೇ ಬೀದಿಗೆ ಹಾರಿದ. "ಏ ಹುಚ್ಚಣ್ಣಾ! ಪೋಟೋ ತೆಗಿಯೋರು ಬಂದವ್ರೆ ಕಣ್ಲಾ!"

"ಅಲ್ಲಪ್ಪಾ, ನಾನು ಹೇಳಿದ್ದು ಆ ತೆಗೆಯೋದಲ್ಲ..."

ಕೇಳುವವರಾರು? ಹೆಂಗಸರು ಹಬ್ಬದ ಸೀರೆ ಉಟ್ಟು ಬಂದರು. ಗಂಡಸರು ಮೀಸೆಗೆ ಎಣ್ಣೆ ಹಚ್ಚಿ ಬಂದರು. ಪಕ್ಕದ ಮನೆಯ ಹುಚ್ಚಣ್ಣ ಎಮ್ಮೆ ತೊಳೆದು ಹಿಡಿದುಕೊಂಡು ಬಂದ. "ಇದ್ನೂ ಸೇರುಸ್ಕಳಿ ಸೋಮಿ. ಮನೆ ಮಗಳಿದ್ದಂಗೆ."

ರಾಯರು ನಿಂಗಯ್ಯನನ್ನು ಪಕ್ಕಕ್ಕೆ ಎಳೆದರು. "ನನಗೆ ಬೇಕಾದ್ದು ನಿಮ್ಮ ನಡುಮನೇಲಿರೋ ಹಳೇ ಫೋಟೋ ಕಣಪ್ಪ."

"ಕೊಡ್ತೀನಿ ಬುಡಿ. ಮೊದ್ಲು ಹೊಸದು ತೆಗೀರಿ. ಇಷ್ಟು ಜನ ಮೈ ತೊಳ್ಕಂಡು ಬಂದವ್ರೆ. ಸುಮ್ನೆ ವಾಪಸ್ ಕಳ್ಸುದ್ರೆ ನನ್ ಮರ್ಯಾದಿ ಏನಾಗ್ಬೇಕು?"

ರಾಯರು ಕಾಯಂ ಕೆಲಸವನ್ನು ನೆನೆದರು. ಆ ಹುಡುಗಿಯನ್ನು ನೆನೆದರು. ಆಮೇಲೆ ಪಾಪ ಮಾಡಿದರು.

ಪೆಟ್ಟಿಗೆಯನ್ನು ಒರಳಿನ ಮೇಲಿಟ್ಟು ಕರೀ ಬಟ್ಟೆಯೊಳಗೆ ತಲೆ ತೂರಿಸಿದರು. ಹುಣಿಸೆಯ ಘಾಟಿಗೆ ಬಾಯಲ್ಲಿ ನೀರೂರಿತು. ಬಟ್ಟೆಯ ಸಂದಿಯಿಂದ ನೋಡಿದರೆ, ಎದುರಿಗೆ ಊರೆಲ್ಲ ಉಸಿರು ಬಿಗಿಹಿಡಿದಿತ್ತು. ನಡುವೆ ಕುರ್ಚಿಯ ಮೇಲೆ ಪುಟ್ಟತಾಯಮ್ಮ ಕೋಳಿಮೊಟ್ಟೆಯಷ್ಟು ಅಗಲ ಕಣ್ಣು ಬಿಟ್ಟುಕೊಂಡು, ನೀರು ಸುರಿದರೂ ರೆಪ್ಪೆ ಬಡಿಯದೆ ಕೂತಿದ್ದಳು.

"ಯಾರೂ ಅಲ್ಲಾಡ್ಬೇಡಿ!" ಎಂದ ರಾಯರು ನಾಲಿಗೆಯಲ್ಲೇ 'ಟಕ್' ಎನ್ನಿಸಿದರು. ಊರಿಗೆ ಊರೇ ಚಪ್ಪಾಳೆ ತಟ್ಟಿತು.

"ಈಗ ಒಳಗಿರೋ ಆ ಹಳೇ ಫೋಟೋ ತೆಗೀರಿ ಅಮ್ಮಾ."

"ತೆಗೀದೆ ಇರ್ತೀನಾ!" ಎಂದು ಪುಟ್ಟತಾಯಮ್ಮ ಹುಡುಗಿಯಂತೆ ಒಳಗೆ ಓಡಿದಳು. ಸ್ವಲ್ಪ ಹೊತ್ತಿಗೆ ಟವಲಿನಲ್ಲಿ ಸುತ್ತಿದ, ಗಾಜು ಹಾಕಿದ ಕಟ್ಟನ್ನು ತಂದು ಕೊಟ್ಟಳು. ರಾಯರು ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು, ಯಾರಾದರೂ ಇನ್ನೊಂದು ಫೋಟೋ ಕೇಳುವ ಮೊದಲು ಸೈಕಲ್ ಹತ್ತಿದರು.

ಊರ ಹೊರಗಿನ ನೇರಳೆ ಮರದವರೆಗೂ ತಡೆದುಕೊಂಡರು. ಇನ್ನು ಆಗಲಿಲ್ಲ. ಇಳಿದು ಟವಲು ಬಿಚ್ಚಿದರು. ಗಾಜಿನೊಳಗೆ ಕೆರೆಯೂ ಇಲ್ಲ, ಹುಡುಗಿಯೂ ಇಲ್ಲ. ಕಂಡದ್ದು ಅವರದೇ ಬೆವೆತ ಮುಖ. ಅದರ ಹಿಂದೆ ಬರೀ ರಟ್ಟು.

ವಾಪಸ್ ಓಡಿಬಂದಾಗ ಪುಟ್ಟತಾಯಮ್ಮ ಬಚ್ಚಲ ನೀರೊಲೆ ಊದುತ್ತಿದ್ದಳು.

"ಅಮ್ಮಾ! ಫೋಟೋ ಎಲ್ಲಿ?"

"ಹಳೇದು ತೆಗೀರಿ ಅಂದೋರು ನೀವೇ ಅಲ್ವಾ? ತೆಗ್ದು ಒಲೆಗೆ ಹಾಕ್ಬುಟ್ಟೆ. ಹೊಸದ್ನ ಅದೇ ಕಟ್ಟೊಳಕ್ಕೆ ಹಾಕ್ಕೊಡಿ."

ರಾಯರು ಬಚ್ಚಲ ಹೊಸ್ತಿಲ ಮೇಲೆ ಕುಸಿದರು. ಕಾಯಂ ಕೆಲಸವಂತೂ ಹೋಯಿತು, ಕುತೂಹಲ ಮಾತ್ರ ಹೋಗಿರಲಿಲ್ಲ. "ಅದರಲ್ಲಿದ್ದ ಹುಡುಗಿ ಯಾರಮ್ಮಾ?"

"ನಾನೇ ಕಣಪ್ಪ! ನಮ್ಮಪ್ಪಂಗೆ ಬುತ್ತಿ ತಕಂಡು ಹೋಗಿದ್ದೆ. ನಿಲ್ಲು ಅಂದ್ರು, ನಿಂತ್ಕಂಡೆ. ಆ ಬಿಳಿಯ ಟಕ್ ಅನ್ನುಸ್ದಾಗ ಕಣ್ಣು ಮುಚ್ಬುಟ್ಟೆ. ಆವತ್ತಿಂದ ಈ ಊರು ನನ್ನ ಕಣ್ಮುಚ್ಚಿ ಪುಟ್ತಾಯಿ ಅಂತ್ಲೇ ಕರೀತದೆ. ಹಾಳಾದ್ ಪಟ ಯಾವಾಗ ತೊಲಗ್ತದೋ ಅಂತಿದ್ದೆ." ಪುಟ್ಟತಾಯಮ್ಮ ಹತ್ತಿರ ಬಂದು ದನಿ ತಗ್ಗಿಸಿದಳು. "ನಿಜ ಹೇಳಿ ಮೇಷ್ಟ್ರೇ. ಇವತ್ತು ಬುಟ್ಕಂಡಿದ್ನಾ?"

ರಾಯರು ಆ ಅಗಲ ಕಣ್ಣುಗಳನ್ನು ನೆನೆದರು. "ಹೂಂ ಅಮ್ಮಾ. ಚೆನ್ನಾಗಿ ಬಿಟ್ಕೊಂಡಿದ್ರಿ."

"ಲೋ ನಿಂಗಾ, ಕೇಳುಸ್ಕಂಡ್ಯಾ? ನಾಳೆ ಗಾಡಿ ಕಟ್ಲಾ! ಊರೋರೆಲ್ಲ ಮೇಷ್ಟ್ರ ಕಾಲೇಜ್ಗೆ ಹೋಗಿ ನನ್ ಪೋಟೋ ನೋಡ್ಲಿ!"

ರಾಯರು ಸದ್ದಿಲ್ಲದೆ ಬೀದಿ ಬಾಗಿಲ ಕಡೆ ಜಾರಿದರು. ಅಲ್ಲಿ ಹುಚ್ಚಣ್ಣ ಎಮ್ಮೆಯ ಹಗ್ಗ ಹಿಡಿದು ಕಾಯುತ್ತಿದ್ದ.

"ಸೋಮಿ, ನಮ್ಮೆಮ್ಮೆ ಕಣ್ಣು ಬುಟ್ಟಿತ್ತಾ?"